ಗಂಗಾವತಿಯ ಮನೆಯಲ್ಲಿ ನನ್ನ ಅರ್ಧ

ನಿವೃತ್ತಿಗೆ ಇನ್ನೂ ಎಂಟು ತಿಂಗಳಿರುವಾಗ ಪಿಂಚಣಿಯ ಕಾಗದ ತಯಾರು ಮಾಡಲು ಕುಷ್ಟಗಿಯ ಶಿಕ್ಷಣ ಕಚೇರಿಗೆ ಹೋಗಿದ್ದೆ. ಗುಮಾಸ್ತೆಯಾಗಿದ್ದ ಹುಡುಗಿ ನನ್ನ ಸೇವಾ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಬಂದವಳು ಒಂದು ಕಡೆ ಬೆರಳಿಟ್ಟು ನಿಂತಳು.

“ಟೀಚರ್, ಗ್ರಾಚ್ಯುಟಿಗೆ ನಾಮಿನಿ ಇನ್ನೂ ನಿಮ್ಮ ಯಜಮಾನರ ಹೆಸರ ಐತಲ್ರಿ. ನಿಮ್ಮದು ಡೈವೋರ್ಸ್ ಆಗೇತಿ ಅಂದಿದ್ರಿ?”

ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಮೊದಲ ವಾರ, ನಾನೇ ತುಂಬಿದ ನಮೂನೆ. ಅಕ್ಷರ ದುಂಡಗೆ, ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಹಾಗೆ ಇತ್ತು. ಸಂಬಂಧ ಎಂಬಲ್ಲಿ ಪತಿ, ಪಾಲು ಎಂಬಲ್ಲಿ ಪೂರ್ತಿ ಎಂದಿತ್ತು. ವಿಚ್ಛೇದನವಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟು ದಿನವೂ ನಾನು ಸತ್ತಿದ್ದರೆ ನನ್ನ ಹಣವೆಲ್ಲ ಅವರಿಗೆ ಹೋಗುವಂತೆ ಇತ್ತು.

“ಬದಲು ಮಾಡೂದು ಮರತಿದ್ದೆ ನೋಡವಾ,” ಎಂದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಎರಡು ಸಲ ಹೊಸ ನಮೂನೆ ತಂದು, ತುಂಬದೆ ಹಾಗೇ ಇಟ್ಟಿದ್ದೆ. ಆ ದಿನ ಮಾತ್ರ ಅಲ್ಲೇ ಕುಳಿತು ಮಗಳ ಹೆಸರು ಬರೆದು ಸಹಿ ಮಾಡಿದೆ. ಮನೆಗೆ ಬಂದು ಟ್ರಂಕಿನ ತಳದಲ್ಲಿದ್ದ ವಿಚ್ಛೇದನದ ರಾಜಿ ಪತ್ರವನ್ನು ಹೊರಗೆ ತೆಗೆದೆ.

ಅದರಲ್ಲಿ ನಮ್ಮ ನಡುವೆ ಇನ್ನೂ ಮುಗಿಯದ ಷರತ್ತು ಎರಡಿದ್ದವು. ಗಂಗಾವತಿಯ ಮನೆ ಇಬ್ಬರ ಹೆಸರಿನಲ್ಲಿದೆ. ನಾನು ನಿವೃತ್ತಳಾದ ಮೇಲೆ ಅದನ್ನು ಮಾರಿ ಅರ್ಧರ್ಧ ಹಂಚಿಕೊಳ್ಳಬೇಕು. ಇನ್ನೊಂದು, ನಿವೃತ್ತಿಯಾದಾಗ ನನ್ನ ಕೈಗೆ ಬರುವ ಇಡಿಗಂಟಿನಲ್ಲಿ ಕಾಲು ಭಾಗವನ್ನು ಅವರಿಗೆ ಕೊಡಬೇಕು.

ಮನೆಯ ಷರತ್ತು ನ್ಯಾಯವಾಗಿತ್ತು. ಜಾಗ ಅವರದು, ಕಟ್ಟಿದ ಸಾಲ ಹನ್ನೆರಡು ವರ್ಷ ನನ್ನ ಸಂಬಳದಲ್ಲಿ ಕಡಿತವಾಗಿತ್ತು. ಎರಡನೆಯದು ಮಾತ್ರ ನನಗೆ ವರ್ಷಗಟ್ಟಲೆ ಚುಚ್ಚುತ್ತಿತ್ತು. ಅದಕ್ಕೂ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ನನಗೆ ಶಿಕ್ಷಕಿಯ ತರಬೇತಿಗೆ ಸೀಟು ಸಿಕ್ಕಾಗ ಅವರು ಶ್ರೀರಾಮನಗರದ ಹತ್ತಿರ ತಮ್ಮ ಪಾಲಿಗೆ ಬಂದಿದ್ದ ಒಂದೆಕರೆ ಗದ್ದೆಯನ್ನು ಮಾರಿ ಫೀಸು ಕಟ್ಟಿದ್ದರು. ಕಾಲುವೆಯ ನೀರು ಬರುವ ಗದ್ದೆ. ಹೆಂಡತಿಯ ಓದಿಗೆ ಗದ್ದೆ ಮಾರಿದ ಎಂದು ಊರಲ್ಲಿ ನಕ್ಕವರಿದ್ದರು. ಅವರು ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಹಾಗೆ ಕೊಟ್ಟ ಮನುಷ್ಯ ಕೊನೆಗೆ ಕೋರ್ಟಿನಲ್ಲಿ ನಿಂತು ಅದರ ಬದಲು ಕೇಳಿದರಲ್ಲ ಎಂಬುದು ನನ್ನ ನೋವಾಗಿತ್ತು.

ನಾವು ಬೇರೆಯಾದದ್ದಕ್ಕೆ ದೊಡ್ಡ ಕಾರಣ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಅವರು ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಗಂಗಾವತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಗದ್ದೆಯ ಪಂಪಿನ ಮೋಟಾರು ಸುಟ್ಟರೆ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವರ ಕೆಲಸ. ನನ್ನ ನೌಕರಿ ಕುಷ್ಟಗಿ ತಾಲೂಕಿನ ಹನುಮಸಾಗರದಲ್ಲಿ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಅವರು ವರ್ಗ ಮಾಡಿಸಿಕೋ ಎಂದರು. ನಾನು ಅಂಗಡಿ ಕುಷ್ಟಗಿಗೆ ತನ್ನಿ ಎಂದೆ. ಇಬ್ಬರೂ ಒಂದೊಂದು ಸಲವೇ ಕೇಳಿದ್ದು. ಆಮೇಲೆ ಮೌನ. ಶನಿವಾರ ಬರುವುದು ಹದಿನೈದು ದಿನಕ್ಕಾಯಿತು, ತಿಂಗಳಿಗಾಯಿತು. ಮಗಳಿಗೆ ಒಂಬತ್ತು ವರ್ಷವಾದಾಗ ಪರಸ್ಪರ ಒಪ್ಪಿಗೆಯ ಅರ್ಜಿಗೆ ಸಹಿ ಹಾಕಿದೆವು. ಐದು ವರ್ಷದ ನಂತರ ಅವರು ಆನೆಗೊಂದಿಯ ಒಬ್ಬ ವಿಧವೆಯನ್ನು ಮದುವೆಯಾದರೆಂದು ಮಗಳಿಂದಲೇ ತಿಳಿಯಿತು. ಮಗಳು ಹಬ್ಬಕ್ಕೆ ಅಪ್ಪನ ಮನೆಗೆ ಹೋಗಿ ಬರುತ್ತಿದ್ದಳು. ನಾನು ಏನೂ ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ.

ಕುಷ್ಟಗಿಯಲ್ಲಿ ಬಾಡಿಗೆ ಮನೆಯಲ್ಲೇ ಇದ್ದ ನನಗೆ ಸ್ವಂತ ಮನೆಯ ಆಸೆ ಬಹಳ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಅಂಗಳದಲ್ಲಿ ಬೇವಿನ ಮರವಿದ್ದ, ಮಾಳಿಗೆಗೆ ಮೆಟ್ಟಿಲಿದ್ದ ಒಂದು ಮನೆ ನೋಡಿಟ್ಟಿದ್ದೆ. ಗಂಗಾವತಿಯ ಮನೆಯ ಅರ್ಧವೂ ನನ್ನ ಗ್ರಾಚ್ಯುಟಿಯೂ ಸೇರಿದರೆ ಅದು ನನ್ನದಾಗುತ್ತಿತ್ತು. ಆ ಮನೆಯ ಮಾಲೀಕರಿಗೆ ನಿವೃತ್ತಿಯವರೆಗೆ ತಡೆಯಿರಿ ಎಂದು ಹೇಳಿಯೂ ಇದ್ದೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನನ್ನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಬಾಳೆ ನಾರಿನಿಂದ ಹೆಣೆದ ಚೀಲ.

“ನಾ ಗಂಗಾವತಿಯಿಂದ ಬಂದೀನ್ರಿ ಅಕ್ಕಾರ. ಮೋಟಾರ್ ಅಂಗಡಿಯವರ ಮನಿಯಾಕಿ.”

ಒಳಗೆ ಕರೆಯುವುದಕ್ಕೆ ನನಗೆ ಒಂದು ಗಳಿಗೆ ಬೇಕಾಯಿತು. ಆಕೆ ಒಳಗೆ ಬಂದು ಕುರ್ಚಿ ಬಿಟ್ಟು ಹೊಸ್ತಿಲ ಬದಿಯಲ್ಲಿ ಕುಳಿತಳು. ಮೇಲೆ ಕುಳಿತುಕೊಳ್ಳಿ ಎಂದರೂ ಏಳಲಿಲ್ಲ. ಚೀಲದಿಂದ ಹೊಸ ಅಕ್ಕಿಯ ಗಂಟು ತೆಗೆದು ನನ್ನ ಮುಂದಿಟ್ಟಳು.

“ಅವರಿಗೆ ಹೇಳಿ ಬಂದಿಲ್ರಿ. ತವರಮನಿಗೆ ಹೊಂಟೀನಿ ಅಂತ ಸುಳ್ಳ ಹೇಳಿ ಬಂದೀನಿ. ಮೊನ್ನಿ ರೇಷನ್ ಕಾರ್ಡ್ ಹುಡುಕಾಕ ಹೋದಾಗ ಕೋರ್ಟಿನ ಕಾಗದ ಸಿಕ್ತ್ರಿ. ಬಾಜೂ ಮನಿಯಾಕಿ ಕಡಿಂದ ಓದಿಸಿದೆ. ನೀವು ರಿಟೈರ್ ಆದಮ್ಯಾಲೆ ಮನಿ ಮಾರೂದು ಅಂತ ಐತಂತ.”

“ಹೌದು,” ಎಂದೆ. “ಅದು ಕೋರ್ಟಿನಾಗ ಬರದದ್ದು.”

“ಮಾರಬ್ಯಾಡ್ರಿ ಅಂತ ಹೇಳಾಕ ಬಂದಿಲ್ರಿ. ನಿಮ್ಮದು ನಿಮಗ ಬರಬೇಕು. ಎರಡು ವರ್ಷ ತಡೀತೀರೇನು ಅಂತ ಕೇಳಾಕ ಬಂದೀನಿ. ಅಂಗಡಿ ಮನಿ ಮುಂದಿನ ಖೋಲಿಯಾಗ ಐತಿ. ಅವರ ಬೆರಳು ಈಗ ನಡಗತಾವ್ರಿ. ಕೆಲಸ ನಿಧಾನ ಆಗೇತಿ, ಆದ್ರೂ ಹಳೇ ರೈತರು ಹುಡುಕ್ಕೊಂಡು ಬರ್ತಾರ. ಬ್ಯಾರೆ ಜಾಗಕ್ಕ ಹೋದ್ರ ಈ ವಯಸ್ಸಿನಾಗ ಯಾರ ಬರ್ತಾರ್ರಿ?”

ನಾನು ಅಷ್ಟು ಒಳ್ಳೆಯ ಉತ್ತರ ಕೊಡಲಿಲ್ಲ. ನನಗೂ ಅರವತ್ತಾಗುತ್ತ ಬಂತು, ನನಗೂ ತಲೆಯ ಮೇಲೆ ಸೂರು ಬೇಕು ಎಂದೆ. ಆಕೆ ಹೌದ್ರಿ, ಹೌದ್ರಿ ಎಂದು ತಲೆಯಾಡಿಸಿದಳು. ಚಹಾ ಕುಡಿದು ಲೋಟವನ್ನು ತಾನೇ ತೊಳೆದಿಟ್ಟಳು. ಹಾಗೇ ಕಳಿಸಲು ಮನಸ್ಸಾಗದೆ ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ದಾರಿಯಲ್ಲಿ ಏನಾದರೂ ಮಾತಾಡಬೇಕಲ್ಲ ಎಂದು, ಅವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ.

“ಮನಿಗೆ ಸುಣ್ಣ ಹಚ್ಚಾಕತ್ಯಾರ್ರಿ. ಆಳಿಗೆ ಹೇಳ್ರಿ ಅಂದ್ರ ಕೇಳವಲ್ರು. ದಿನಾ ಮುಂಜಾನೆ ನಿಚ್ಚಣಿಕಿ ಹತ್ತತಾರ. ಗ್ವಾಡಿ ಛಲೋ ಇದ್ರ ಛಲೋ ರೇಟ್ ಬರತೈತಿ, ಟೀಚರ್ ಪಾಲಿಗೆ ಕಡಿಮಿ ಬರಬಾರ್ದು ಅಂತಾರ್ರಿ.”

ಬಸ್ಸು ಬಂತು. ಆಕೆ ಹತ್ತಿದಳು. ನಾನು ಅಲ್ಲೇ ಇದ್ದ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತೆ.

ಮೂರು ವಾರ ಬಿಟ್ಟು ನಾನೇ ಗಂಗಾವತಿಗೆ ಹೋದೆ. ಹತ್ತೊಂಬತ್ತು ವರ್ಷದಲ್ಲಿ ಆ ಊರಿನ ಮೇಲೆ ಹಾದು ಹೋಗಿದ್ದೆನೇ ಹೊರತು ಆ ಓಣಿಗೆ ಕಾಲಿಟ್ಟಿರಲಿಲ್ಲ. ಮುಂದಿನ ಖೋಲಿಯಲ್ಲಿ ಅವರು ನೆಲದ ಮೇಲೆ ಕುಳಿತು ಬಿಚ್ಚಿದ ಮೋಟಾರಿನೊಳಗೆ ತಂತಿ ಕೂರಿಸುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನರೆತ ಕೂದಲಿನಲ್ಲಿ ಸುಣ್ಣದ ಹನಿಗಳಿದ್ದವು. ತಲೆಯೆತ್ತಿ ನೋಡಿ, ಶಾಲೆಗೆ ಬಂದ ಸಾಹೇಬರನ್ನು ಕಂಡವರ ಹಾಗೆ ಎದ್ದು ನಿಂತರು.

“ಬರ್ರಿ ಟೀಚರ್. ಕುಂದರ್ರಿ. ಅಳತಿ ಮಾಡಾಕ ಬಂದ್ರ್ಯಾ?”

ಹದಿನೇಳು ವರ್ಷ ನೀ ಎಂದವರು ಈಗ ರೀ ಎನ್ನುತ್ತಿದ್ದರು. ನನಗೆ ನಗು ಬಂದರೂ ತಡೆದುಕೊಂಡೆ.

“ಅಳತಿ ಅಲ್ರಿ. ಸುಮ್ನ ನೋಡಾಕ ಬಂದೆ.”

“ನೋಡ್ರಿ. ಹಿಂದಿನ ಖೋಲಿ ಸುಣ್ಣ ಇನ್ನೂ ಆಗಿಲ್ಲ. ಈ ವಾರ ಮುಗಸ್ತೀನಿ. ಇಬ್ರು ಮಂದಿ ಮನಿ ಕೇಳಿ ಹೋಗ್ಯಾರ.”

ಆಕೆ ಅಡುಗೆಮನೆಯ ಬಾಗಿಲಿಗೆ ಬಂದಳು. ಗೊತ್ತಿಲ್ಲದವಳ ಹಾಗೆ ಇರ್ರಿ ಎಂದು ಆಕೆಯ ಕಣ್ಣು ಬೇಡುತ್ತಿತ್ತು. ನಾನೂ ಗಂಭೀರವಾಗಿ, “ನಿಮ್ಮ ಮನಿಯವ್ರೇನ್ರಿ?” ಎಂದು ಕೇಳಿದೆ.

“ಹೂಂ. ಟೀಚರ್ ಬಂದಾರ, ಚಾ ಮಾಡು,” ಎಂದು ಆಕೆಗೆ ಹೇಳಿ, “ಸಕ್ಕರಿ ಕಡಿಮಿ ಹಾಕು, ಅವರು ಕಡಿಮಿ ಕುಡೀತಾರ,” ಎಂದು ಸೇರಿಸಿದರು.

“ಈಗ ಎರಡು ಚಮಚ ಹಾಕ್ಕೋತೀನ್ರಿ,” ಎಂದೆ.

ಅವರು ನನ್ನನ್ನೇ ನೋಡಿದರು. ಅದನ್ನು ನಂಬಲು ಅವರಿಗೆ ಕಷ್ಟವಾದಂತೆ ಕಂಡಿತು. ಆಮೇಲೆ ಮೋಟಾರಿನ ಕಡೆ ತಿರುಗಿ, “ಆಕಿ ಕುಷ್ಟಗಿಗೆ ಬಂದಿದ್ದು ನನಗ ಗೊತ್ತೈತ್ರಿ,” ಎಂದರು. “ಚೀಲದಾಗ ಬಸ್ಸಿನ ಟಿಕೇಟ್ ಇತ್ತು. ಕೇಳಲಿಲ್ಲ ನಾನು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು ಹೋಯಿತು.

ನಾನು ಮನೆಯೊಳಗೆ ಒಂದು ಸುತ್ತು ಹೋಗಿ ಬಂದೆ. ನನ್ನ ಕಾಲದ ದೇವರ ಗೂಡು, ಹಿತ್ತಲ ಬಾಗಿಲು ಎಲ್ಲ ಅಲ್ಲೇ ಇದ್ದವು. ಹಿಂದಿನ ಖೋಲಿಯಲ್ಲಿ ಹಗ್ಗದ ಮೇಲೆ ಬಾಳೆಯ ನಾರು ಒಣಗಲು ಹಾಕಿದ್ದರು. ಪಕ್ಕದಲ್ಲಿ ಅರ್ಧ ಹೆಣೆದ ಬುಟ್ಟಿಗಳಿದ್ದವು. ಯಾರದೋ ಮನೆಗೆ ಬಂದ ಹಾಗೆ ಅನ್ನಿಸಿತು. ಬೇಸರವಾಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ಇಲ್ಲಿ ಜನ ಬದುಕುತ್ತಿದ್ದಾರೆ, ಇದನ್ನು ಖಾಲಿ ಮಾಡಿಸಿ ನಾನು ಬೇವಿನ ಮರ ಕೊಳ್ಳಬೇಕೇ ಎಂಬ ಯೋಚನೆ ಅಲ್ಲೇ ಬಂತು.

ಚಹಾ ಬಂದ ಮೇಲೆ ನಾನು ಮಾತು ತೆಗೆದೆ. ಮನೆ ಮಾರುವುದು ಬೇಡ ಎಂದೆ. ಅವರು ಒಪ್ಪಲಿಲ್ಲ. ಮಾತು ಕೊಟ್ಟಾಗಿದೆ, ಕೊಟ್ಟ ಮಾತಿನಂತೆ ಮಾರುವುದೇ ಎಂದರು. ಹಾಗಾದರೆ ನನ್ನ ನಿವೃತ್ತಿಯ ಹಣದಲ್ಲಿ ನಿಮ್ಮ ಕಾಲು ಭಾಗವನ್ನಾದರೂ ಬಿಡಿ, ಅದಕ್ಕೆ ಬದಲಾಗಿ ನಾನು ಮನೆ ಬಿಡುತ್ತೇನೆ ಎಂದೆ.

“ಆ ಕಾಲು ಭಾಗ ನನಗ ಆವತ್ತೂ ಬ್ಯಾಡಾಗಿತ್ತು.”

“ಬ್ಯಾಡಾಗಿದ್ರ ಯಾಕ ಬರಸಿದ್ರಿ?”

“ನಾ ಎಲ್ಲಿ ಬರಸಿದೆ? ನೀನ ಬರಸಿದ್ದಿ.” ರೀ ಎಲ್ಲೋ ಬಿದ್ದು ಹೋಗಿತ್ತು, ಅವರಿಗೆ ಅದರ ಅರಿವಿರಲಿಲ್ಲ. “ವಕೀಲರ ಮುಂದ ಕುಂತು, ಇವರ ಗದ್ದಿ ರೊಕ್ಕದ ಋಣ ನನಗ ಬ್ಯಾಡ, ರಿಟೈರ್ ಆದ ದಿನ ಎಣಿಸಿ ಮುಖಕ್ಕ ಒಗೀತೀನಿ ಅಂದಿ. ಅವರು ಅದನ್ನ ಕಾಯ್ದೆ ಭಾಷೆಯಾಗ ಛಂದಗೆ ಬರದ್ರು. ನಾ ಸುಮ್ನ ಸಹಿ ಮಾಡಿದೆ.”

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ದಿನ ನೆನಪಾಯಿತು. ವಕೀಲರ ಕೋಣೆ, ಫ್ಯಾನು ತಿರುಗುವ ಸದ್ದು, ನನ್ನದೇ ಗಂಟಲು. ಹೌದು, ಹಾಗೆ ಅಂದವಳು ನಾನೇ. ಇಷ್ಟು ವರ್ಷ ಅವರ ಮೇಲೆ ಹೊರಿಸಿಕೊಂಡು ಬಂದಿದ್ದೆ.

“ನಂದ ತಪ್ಪು,” ಎಂದೆ.

ಅವರು ತಂತಿಯ ತುದಿಯನ್ನು ಹಿಡಿದು ತೂತಿಗೆ ಹಾಕಲು ನೋಡಿದರು. ಬೆರಳು ನಡುಗಿ ಎರಡು ಸಲ ತಪ್ಪಿತು. ಆಕೆ ಬಂದು ದಿನದ ಕೆಲಸವೆಂಬಂತೆ ತುದಿಯನ್ನು ಹಾಕಿ ಒಳಗೆ ಹೋದಳು. ಅವರು ಬೇಡ ಎನ್ನಲಿಲ್ಲ. ನಾನು ಇದ್ದಾಗ ಅವರ ಕೆಲಸಕ್ಕೆ ಯಾರೂ ಕೈ ಹಚ್ಚುವಂತಿರಲಿಲ್ಲ. ನಾನು ಹೊರಡುವಾಗ ಅವರು, “ಆತು, ನೀ ಹೇಳಿದಂಗ ಆಗಲಿ,” ಎಂದರು.

ಮಗಳಿಗೆ ನನ್ನ ನಿರ್ಧಾರ ಹಿಡಿಸಲಿಲ್ಲ. ಅವಳು ಕೊಪ್ಪಳದಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೆಲಸ ಮುಗಿಸಿ ಬಂದವಳು ನನ್ನ ಮಾತು ಕೇಳಿ ಊಟದ ತಟ್ಟೆಯನ್ನು ಸರಿಸಿದಳು.

“ಅವ್ವಾ, ಹನ್ನೆರಡು ವರ್ಷ ಸಾಲ ಕಟ್ಟಿದಾಕಿ ನೀನು. ಹರಿದ ಚಪ್ಪಲಿ ಹೊಲಿಸಿಕೊಂಡು ಸಾಲಿಗೆ ಹೋಗ್ತಿದ್ದಿ, ನಾ ನೋಡೀನಿ. ಅಪ್ಪನ ಮ್ಯಾಲೆ ನನಗೂ ಜೀವ ಐತಿ. ಹಂಗಂತ ನಿನ್ನ ಅರ್ಧ ಪೂರಾ ಬಿಟ್ಟುಕೊಡೂದು ಯಾವ ನ್ಯಾಯ?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾಲ್ಕು ದಿನ ಅದನ್ನೇ ಯೋಚಿಸಿದೆ. ಕೊನೆಗೆ ನನ್ನ ಅರ್ಧವನ್ನು ಬಿಟ್ಟುಕೊಡದೆ ಅವಳ ಹೆಸರಿಗೆ ಬರೆಯುವುದು, ಆದರೆ ಅಪ್ಪ ಇರುವತನಕ ಮಾರದಿರುವುದು ಎಂದು ಇಬ್ಬರೂ ಒಪ್ಪಿದೆವು. ಒಪ್ಪಿದ ಮೇಲೆಯೂ ಅವಳು, “ನಿನ್ನ ಬೇವಿನ ಮರದ ಮನಿ ಹೋತಲ್ಲ,” ಎಂದಳು. ಹೋಯಿತು ಎಂದೆ. ಆ ದಿನ ನನಗೂ ಊಟ ಸೇರಲಿಲ್ಲ.

ರಾಜಿ ಪತ್ರ ಬರೆದಿದ್ದ ವಕೀಲರು ಕೊಪ್ಪಳದಲ್ಲಿ ಇನ್ನೂ ಇದ್ದರು. ಗಡ್ಡ ಪೂರ್ತಿ ಬಿಳಿಯಾಗಿತ್ತು, ಮೆಟ್ಟಿಲು ಹತ್ತಲಾರದೆ ಕಚೇರಿಯನ್ನು ಕೆಳಗಿನ ಕೋಣೆಗೆ ತಂದಿದ್ದರು. ನಾವು ಮೂವರೂ ಹೋದೆವು: ನಾನು, ಮಗಳ ಅಪ್ಪ, ಅವರ ಹೆಂಡತಿ. ವಕೀಲರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

“ಒಮ್ಮೆ ಫೈಸಲಾ ಆದ ಆಸ್ತಿ ಹಂಚಿಕೆ, ಒಬ್ಬರಿಗೆ ಮನಸ್ಸು ಬದಲಾತು ಅಂತ ಕೋರ್ಟ್ ತಿದ್ದೂದಿಲ್ಲಮ್ಮಾ. ಇಬ್ರೂ ರಾಜಿ ಇದ್ರ ಹೊಸಾ ಕರಾರು ಬರೀಬಹುದು. ರಿಜಿಸ್ಟರ್ ಮಾಡಿಸಿ, ಹಳೇದು ಹಿಂಗ ತೀರ್ಮಾನ ಆತು ಅಂತ ಕೋರ್ಟಿಗೂ ಒಂದು ಅರ್ಜಿ ಕೊಡೂದು. ಆದ್ರ ನಾಳಿ ಬಂದು ತಪ್ಪಾತು ಅಂದ್ರ ನಡೆಯೂದಿಲ್ಲ. ನಿಮಗ ಯಾರೂ ಜಬರದಸ್ತಿ ಮಾಡಿಲ್ಲಲ್ಲ?”

“ಇಲ್ರಿ.”

“ಆವತ್ತು ಇಬ್ರೂ ನನ್ನ ಮುಂದ ಒಬ್ರ ಮುಖ ಒಬ್ರು ನೋಡಿರಲಿಲ್ಲ,” ಎಂದು ವಕೀಲರು ಕನ್ನಡಕ ಒರೆಸಿಕೊಂಡರು. ಮುಖಕ್ಕೆ ಒಗೆಯುತ್ತೇನೆ ಎಂದ ಮಾತು ನೆನಪಿದೆಯೇ ಎಂದು ಕೇಳಿದೆ. ಚೆನ್ನಾಗಿ ನೆನಪಿದೆ ಎಂದು ನಕ್ಕರು.

ಕರಡು ಓದಿದರು. ಮಗಳ ಅಪ್ಪ ನನ್ನ ನಿವೃತ್ತಿ ಹಣದ ಮೇಲಿನ ಹಕ್ಕು ಬಿಡುವುದು. ನನ್ನ ಅರ್ಧ ಮಗಳಿಗೆ ಹೋಗುವುದು. ಅವರು ಬದುಕಿರುವವರೆಗೆ ಮನೆಯನ್ನು ಮಾರುವಂತಿಲ್ಲ, ಅಂಗಡಿಯನ್ನು ಬಿಡಿಸುವಂತಿಲ್ಲ. ಎಲ್ಲ ಸರಿಯಿತ್ತು. ಆಕೆ ಕೊನೆಯ ಕುರ್ಚಿಯಲ್ಲಿ ಸೆರಗಿನ ತುದಿ ಹಿಡಿದುಕೊಂಡು ಕೇಳುತ್ತಿದ್ದಳು.

“ಅವರ ನಂತರ ಈಕಿ ಎಲ್ಲಿ ಹೋಗ್ಬೇಕ್ರಿ?” ಎಂದು ನಾನು ಕೇಳಿದೆ.

ಅವರು ನೆಲ ನೋಡಿದರು. ಆ ಯೋಚನೆ ಅವರಿಗೆ ಬಂದೇ ಇರಲಿಲ್ಲ ಎಂಬುದು ಮುಖದಲ್ಲೇ ಇತ್ತು.

“ನನ್ನ ಮಗಳು ಕೆಟ್ಟಾಕಿ ಅಲ್ಲ,” ಎಂದೆ. “ಆದ್ರ ಮಗಳಿಗೆ ನಾಳಿ ಗಂಡ ಬರ್ತಾನ, ಅವರ ಮಂದಿ ಬರ್ತಾರ. ಈಕಿ ಇರೂತನಕ ಈಕಿಗೂ ಆ ಮನ್ಯಾಗ ಇರಾಕ ಹಕ್ಕು ಐತಿ ಅಂತ ಬರೀರಿ.”

“ಬರೀರಿ,” ಎಂದರು ಅವರೂ, ತಲೆಯೆತ್ತದೆ.

ಹೊರಗೆ ಬಂದ ಮೇಲೆ ಆಕೆ ನನ್ನ ಕೈಯಲ್ಲಿದ್ದ ಕಾಗದದ ಚೀಲವನ್ನು ತೆಗೆದುಕೊಂಡು ತಾನೇ ಹಿಡಿದು ನಡೆದಳು. ಬಸ್ಸಿಗೆ ಕಾಯುವಾಗಲೂ ಕೆಳಗಿಡಲಿಲ್ಲ.

ಗಂಗಾವತಿಯ ನೋಂದಣಿ ಕಚೇರಿಯಲ್ಲಿ ಆ ದಿನ ಜನ ಬಹಳವಿತ್ತು. ಮಗಳು ರಜೆ ಹಾಕಿ ಬಂದಿದ್ದಳು. ನಮ್ಮ ಸರದಿ ಬಂದಾಗ ಕಂಪ್ಯೂಟರಿನ ಮುಂದಿದ್ದವನು ಒಬ್ಬೊಬ್ಬರ ಹೆಸರು, ವಯಸ್ಸು ಕೇಳುತ್ತ ನನ್ನ ಕಡೆ ತಿರುಗಿ, “ಇವರು ನಿಮಗ ಏನಾಗಬೇಕ್ರಿ?” ಎಂದು ಅವರನ್ನು ತೋರಿಸಿದ. ಕಾಗದದಲ್ಲಿ ಬರೆದೇ ಇತ್ತು. ಅವನು ಅಭ್ಯಾಸಬಲದಿಂದ ಕೇಳಿದ್ದ. ನಾನು ಅವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು.

“ನಮ್ಮ ಅಕ್ಕಾರು ಅವರು,” ಎಂದಳು ಆಕೆ, ಹಿಂದಿನಿಂದ.

ಅವನಿಗೆ ಏನು ಅರ್ಥವಾಯಿತೋ, ಮುಂದೆ ಕೇಳಲಿಲ್ಲ.

ಹೆಬ್ಬೆರಳಿನ ಗುರುತು ಕೊಡುವಲ್ಲಿ ಇನ್ನೊಂದು ತೊಡಕು. ನಲವತ್ತು ವರ್ಷ ತಂತಿ ಎಳೆದು, ವಾರ್ನಿಶ್ ಮುಟ್ಟಿ ಅವರ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಯಂತ್ರ ಎಷ್ಟು ಸಲ ಒತ್ತಿದರೂ ಗುರುತು ಹಿಡಿಯಲಿಲ್ಲ. ಆಕೆ ಸೆರಗನ್ನು ನೀರಿನಲ್ಲಿ ಅದ್ದಿ ಬೆರಳು ಒರೆಸಿದಳು. ಮಗಳು ತನ್ನ ಪರ್ಸಿನಿಂದ ಕೈಗೆ ಹಚ್ಚುವ ಕ್ರೀಮು ತೆಗೆದು ಅಪ್ಪನ ಹೆಬ್ಬೆರಳಿಗೆ ತಿಕ್ಕಿದಳು. ನಡುಗುವ ಕೈ ನಿಲ್ಲಲೆಂದು ನಾನು ಅವರ ಮಣಿಕಟ್ಟನ್ನು ಹಿಡಿದು ಯಂತ್ರದ ಮೇಲೆ ಒತ್ತಿದೆ. ಏಳನೆಯ ಸಲಕ್ಕೆ ಹಸಿರು ದೀಪ ಬಂತು.

“ಮೂರು ಮಂದಿ ಬೇಕಾತು ನಿಮಗ,” ಎಂದಳು ಮಗಳು. ಅವರು ನಕ್ಕರು. ಅವರ ನಗುವನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಕಚೇರಿಯ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಹಣ ಕೊಡಲು ಅವರೂ ನಾನೂ ಒಟ್ಟಿಗೆ ಎದ್ದೆವು. ಮಗಳು ಇಬ್ಬರನ್ನೂ ಕೂರಿಸಿ ತಾನು ಕೊಟ್ಟಳು.

ನಾನು ನಿವೃತ್ತಳಾಗಿ ಒಂದು ವರ್ಷವಾಯಿತು. ಕಾಲು ಭಾಗ ಕೊಡದೆ ಉಳಿದ ಗ್ರಾಚ್ಯುಟಿಯಲ್ಲಿ ಕುಷ್ಟಗಿಯ ಒಳಗಿನ ಓಣಿಯಲ್ಲಿ ಎರಡು ಖೋಲಿಯ ಮನೆ ಕೊಂಡೆ. ಬೇವಿನ ಮರದ ಮನೆಯನ್ನು ಬೇರೆ ಯಾರೋ ತೆಗೆದುಕೊಂಡರು. ಆ ದಾರಿಯಲ್ಲಿ ಹೋಗುವಾಗ ಈಗಲೂ ಒಮ್ಮೆ ಮೇಲೆ ನೋಡುತ್ತೇನೆ, ಆಸೆ ಹೋಗಿಲ್ಲ. ನನ್ನ ಮನೆಗೆ ಮಾಳಿಗೆಗೆ ಮೆಟ್ಟಿಲಿಲ್ಲ, ಹಪ್ಪಳ ಒಣಗಿಸಲು ಪಕ್ಕದವರ ಮಾಳಿಗೆ ಕೇಳಬೇಕು. ಆದರೆ ಬಾಡಿಗೆಯಿಲ್ಲ, ಬಾಗಿಲು ನನ್ನದು.

ಆಕೆ ಬುಟ್ಟಿ ಮಾರಲು ಕುಷ್ಟಗಿಗೆ ಬಂದಾಗಲೆಲ್ಲ ನನ್ನಲ್ಲಿ ಇಳಿದುಕೊಳ್ಳುತ್ತಾಳೆ. ಈಗ ಹೊಸ್ತಿಲಲ್ಲಿ ಕೂರುವುದಿಲ್ಲ, ನೇರ ಅಡುಗೆಮನೆಗೆ ಬರುತ್ತಾಳೆ. ಅಂಗಡಿ ನಡೆಯುತ್ತಿದೆಯಂತೆ, ಸಣ್ಣ ತಂತಿಯ ಕೆಲಸವನ್ನು ಅವರು ಹೇಳಿ ಕೊಡುತ್ತಾರೆ, ಇವಳು ಸುತ್ತುತ್ತಾಳೆ. ನಾರು ಹೆಣೆದ ಬೆರಳಿಗೆ ತಂತಿ ದೊಡ್ಡದಲ್ಲ ಎನ್ನುತ್ತಾಳೆ.

ಮೊನ್ನೆ ಬಂದಾಗ ಇಬ್ಬರೂ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆವು. ಆಕೆ ಕೇಳಿಯೇ ಬಿಟ್ಟಳು.

“ನೀವ್ಯಾಕ ಬಿಟ್ರಿ ಅಕ್ಕಾರ ಅವರನ್ನ?”

ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನ ತಾಯಿ ಕೂಡ.

“ಅವರೇ ಮೊದಲು ಮಾತಾಡ್ಲಿ ಅಂತ ನಾ ಕುಂತೆ. ಆಕಿನ ಮೊದಲು ಮಾತಾಡ್ಲಿ ಅಂತ ಅವರು ಕುಂತ್ರು. ಹಂಗ ವರ್ಷ ಹೋದ್ವು ನೋಡವಾ.”

“ಈಗೂ ಹಂಗ ಅದಾರ್ರಿ ಅವರು,” ಎಂದಳು ಆಕೆ, ಸುಲಿದ ಕಾಳನ್ನು ನನ್ನ ತಟ್ಟೆಗೆ ಸುರಿಯುತ್ತ. “ಸಿಟ್ಟು ಬಂದ್ರ ಎರಡು ದಿನ ಗಪ್ಪ. ನಾ ಕಾಯೂದಿಲ್ಲ. ಚಾ ಒಯ್ದು ಮುಂದಿಟ್ಟು ನಾನ ಶುರು ಮಾಡಿಬಿಡ್ತೀನಿ.”